ನಳಾ ಬಂತು

ಗೋಡೆಗೆ ಬಿಗಿದ ನಲ್ಲಿ ಎಲ್ಲಿಗೂ ಹೋಗುವಂಥದ್ದಲ್ಲ. ಆದರೂ ಹುಬ್ಬಳ್ಳಿ-ಧಾರವಾಡದಲ್ಲಿ ಅದು ಬರುತ್ತದೆ, ಹೋಗುತ್ತದೆ, ಒಮ್ಮೊಮ್ಮೆ ಹೇಳದೆ ಕೇಳದೆ ತಪ್ಪಿಸಿಕೊಳ್ಳುತ್ತದೆ. ಏಪ್ರಿಲ್ ತಿಂಗಳ ರಾತ್ರಿ ಎರಡಕ್ಕೆ ಓಣಿಯಲ್ಲಿ "ಅಕ್ಕಾರ, ನಳಾ ಬಂದೈತ್ರಿ!" ಎಂಬ ಕೂಗು ಎದ್ದರೆ, ಬೆಂಗಳೂರಿನಿಂದ ಬಂದು ಮಲಗಿದ ನೆಂಟರು ಯಾರೋ ನಳ ಎಂಬುವರು ಊರಿಂದ ಬಂದರೆಂದು ಎದ್ದು ಕೂತಾರು. ಅವರ ಕಡೆ ಬರುವುದು ನೀರು. ನಮ್ಮಲ್ಲಿ ನಳವೇ ಬರುತ್ತದೆ. ಎಷ್ಟೋ ಮಂದಿ ಬಹುವಚನದಲ್ಲೇ ಹೇಳುತ್ತಾರೆ: "ನಳಾ ಬಂದಾವು." ಓಣಿಗೆಲ್ಲ ಕೂಡಿಯೇ ಬರುವುದರಿಂದ ವ್ಯಾಕರಣವೂ ತಕರಾರು ಮಾಡುವಂತಿಲ್ಲ.

ಸಂಸ್ಕೃತದಲ್ಲಿ ನಳ ಅಂದರೆ ಜೊಂಡು, ಒಳಗೆ ಪೊಳ್ಳಾಗಿರುವ ಹುಲ್ಲಿನ ಕಡ್ಡಿ. ಪೊಳ್ಳಿನ ಗುಣದಿಂದಾಗಿ ಅದು ಕೊಳವೆಯಾಯಿತು, ಕೊಳವೆಯ ಬಾಯಿಗಿಟ್ಟ ತಿರುಪಾಯಿತು, ಕೊನೆಗೆ ಅದರೊಳಗಿಂದ ಬೀಳುವ ನೀರೇ ಆಯಿತು. 1956ರವರೆಗೆ ಧಾರವಾಡ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅಲ್ಲಿನ ಮರಾಠಿಯಲ್ಲೂ ಇದು ನಳವೇ. ನಳ, ಟಾಕಿ, ಗಟಾರ: ನೀರು ಬರುವುದಕ್ಕೆ, ನಿಲ್ಲುವುದಕ್ಕೆ, ಹರಿದುಹೋಗುವುದಕ್ಕೆ ಇರುವ ಮೂರೂ ಮಾತು ನಮಗೂ ಅವರಿಗೂ ಒಂದೇ.

ಇಲ್ಲಿ ಆ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾಲಮಾನವೇ ಆಗಿಬಿಟ್ಟಿದೆ. "ನಾಳೆ ನಳಾ ಅದರೀ, ಬರಾಕ ಆಗಂಗಿಲ್ಲ" ಅಂದರೆ ಸೀಮಂತಕ್ಕೆ ಕರೆಯಲು ಬಂದವರೂ ಎರಡನೇ ಮಾತು ಆಡುವುದಿಲ್ಲ. ಶಂಡಿಗೆ ಹಾಕುವುದು, ಚಾದರ ತೊಳೆಯುವುದು, ಉಪ್ಪಿನಕಾಯಿಗೆ ಮಾವು ತರುವುದು, ಎಲ್ಲವೂ ನಳದ ಹಿಂದಿನ ದಿನ ಅಥವಾ ಮರುದಿನ. ಬಾಡಿಗೆ ಮನೆ ನೋಡಲು ಹೋದವರು ಬಾಡಿಗೆ ಕೇಳುವ ಮೊದಲು ಕೇಳುವುದು "ನಳಾ ಎಷ್ಟ ದಿನಕ್ಕೊಮ್ಮೆ?" ಅಂತ. ನಾಲ್ಕೈದು ದಿನಕ್ಕೊಮ್ಮೆ ಎಂದು ಮಾಲಕರು ಹೇಳಿದರೆ ಬೇಸಿಗೆಯಲ್ಲಿ ಎಂಟು ಎಂದು ತಿಳಿದುಕೊಳ್ಳುವುದು ಜಾಣತನ.

ನಳ ಎಂದಾಗ ನಳಮಹಾರಾಜ ನೆನಪಾಗದೆ ಇರುತ್ತಾನೆಯೇ? ಅವನ ಹೆಸರು ನಮ್ಮಲ್ಲಿ ನಳಪಾಕಕ್ಕಷ್ಟೇ ಉಳಿದಿದೆ. ಆದರೆ ಮಹಾಭಾರತದ ವನಪರ್ವದ ಕತೆಯಲ್ಲಿ ಅವನಿಗೆ ವರುಣ ಕೊಟ್ಟ ವರವೂ ಇದೆ: ಬಯಸಿದಲ್ಲಿ ನೀರು. ಬಾಹುಕನೆಂಬ ಸಾರಥಿಯ ವೇಷದಲ್ಲಿದ್ದ ಅವನನ್ನು ಪರೀಕ್ಷಿಸಲು ದಮಯಂತಿ ತನ್ನ ದಾಸಿ ಕೇಶಿನಿಯನ್ನು ಕಳಿಸುತ್ತಾಳೆ. ಅವನು ಬರೀ ಕೊಡಗಳ ಕಡೆ ನೋಡಿದ, ಕೊಡಗಳು ತುಂಬಿದವು ಎಂದು ಕೇಶಿನಿ ಬಂದು ಹೇಳುತ್ತಾಳೆ. ಗಂಡನ ಗುರುತು ಹತ್ತಲು ದಮಯಂತಿಗೆ ಇದೂ ಒಂದು ಸಾಕ್ಷಿಯಾಯಿತು. ಹಳೆಯ ಧಾರವಾಡ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ಇದೇ ನಳನ ಮೇಲೆ 'ನಳಚರಿತ್ರೆ' ಬರೆದರು. ಕೊಡ ತುಂಬಿಸುವ ರಾಜನಿಗೂ ನಮ್ಮ ಗೋಡೆಯ ನಳಕ್ಕೂ ನಿಘಂಟಿನವರು ಬೇರೆ ಬೇರೆ ಸಾಲು ಕೊಟ್ಟಾರು. ಬರಿಗೊಡ ಸಾಲಾಗಿಟ್ಟು ಕೂತವರಿಗೆ ಇಬ್ಬರೂ ಒಬ್ಬನೇ ಅನಿಸಿದರೆ ಅವರನ್ನು ಬೈಯಬೇಡಿ.

ನಳ ಬರುವ ಕ್ರಮ ಹೀಗೆ. ಮೊದಲು ಗಾಳಿ: ಸುಂಯ್ ಎಂದು ಒಂದು ಸೀಟಿ. ಆಮೇಲೆ ಎರಡು ಕೆಮ್ಮು, ಒಂದು ಚಿಮ್ಮು, ಕೆಂಪಗೆ ಒಂದಿಷ್ಟು ರಾಡಿ. ಅಷ್ಟರಲ್ಲಿ ಪಕ್ಕದ ಮನೆಯ ಪ್ರಶ್ನೆ: "ದಪ್ಪ ಬರ್ತದೇನ್ರಿ?" ಉತ್ತರ ಬಹುತೇಕ "ಇಲ್ರಿ, ಸಣ್ಣಗ ಬರಾಕತ್ತೈತಿ." ಕೊಡ, ಬಕೀಟು, ಹಂಡೆ, ಬ್ಯಾರಲ್, ಕೊನೆಗೆ ಅಡಿಗೆಮನೆಯ ಪಾತೇಲಿ, ತಂಬಿಗೆ. ಕುಡಿಯುವ ನೀರಿನ ಹರವಿಗೆ ಹೊಸ ನೀರು ಬೇಕು. ಅದರ ತಳದಲ್ಲಿ ಉಳಿದ ನಾಲ್ಕು ದಿನದ ನೀರು ಈಗ ದಿಢೀರನೆ 'ಹಳೇ ನೀರು' ಆಗಿಬಿಡುತ್ತದೆ. ನಿನ್ನೆ ರಾತ್ರಿಯವರೆಗೆ ಅಳೆದು ಅಳೆದು ಕುಡಿದದ್ದೂ ಅದನ್ನೇ. ಹಿತ್ತಲಿನ ತುಳಸಿ, ಕರಿಬೇವು, ದಾಸವಾಳ, ಗೋಡೆಯ ಮೇಲಿನ ಮಲ್ಲಿಗೆ ಬೇಸಿಗೆ ದಾಟುವುದು ಈ ಹಳೇ ನೀರಿನಿಂದಲೇ. ನಳ ತಡವಾದಾಗ ಮೊದಲು ಬಾಡುವುದು ಮಲ್ಲಿಗೆ.

ನೀರು ಬರುವ ದಾರಿ ದೂರದ್ದು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಕಟ್ಟಿದ ಮಲಪ್ರಭೆಯ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಬರುತ್ತದೆ. ಹುಬ್ಬಳ್ಳಿಗೆ ಕಲಘಟಗಿ ಕಡೆಯ ನೀರಸಾಗರವೂ ಇತ್ತು. ಬರದ 2017ರಲ್ಲಿ ಅದು ಬತ್ತಿ, ಹೆಸರೇ ಅಣಕವಾದದ್ದನ್ನು ಜನ ಮರೆತಿಲ್ಲ. ನಳ ಯಾವಾಗ ಎಂಬುದು ಎಂಥ ದೊಡ್ಡ ಪ್ರಶ್ನೆಯೆಂದರೆ, ನೀರು ಬಿಡುವವರಿಂದ ಸುದ್ದಿ ತಿಳಿದು ಮನೆಮನೆಯ ಮೊಬೈಲಿಗೆ ಕಳಿಸುವುದನ್ನೇ ಕಸುಬು ಮಾಡಿಕೊಂಡ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಹುಬ್ಬಳ್ಳಿಯಲ್ಲೇ ಶುರುವಾಯಿತು.

2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನಲ್ಲಿ ಅವಳಿನಗರದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂತು. ಆ ವಾರ್ಡುಗಳಲ್ಲಿ ಬೆಳೆದ ಮಕ್ಕಳಿಗೆ ನಳ ತಿರುವುವ ವಸ್ತು ಅಷ್ಟೇ. "ನಳಾ ಬಂತು" ಎಂದರೆ ಅಜ್ಜಿಯ ಮಾತು. ಅಂಥ ವಾರ್ಡುಗಳನ್ನೂ ಕೆಲವು ದಿನಕ್ಕೊಮ್ಮೆ ನೀರು ಬರುವ ವಾರ್ಡುಗಳನ್ನೂ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಟೈಫಾಯ್ಡ್ ಮಾತ್ರ ಸದಾ ನೀರಿರುವ ಕಡೆ ಕಡಿಮೆಯಿತ್ತು. ನಮ್ಮ ಊರಿನ ಕೊಳವೆಗಳ ಮೇಲೆಯೇ ನಡೆದ ಇನ್ನೊಂದು ಪರೀಕ್ಷೆ, ಖಾಲಿ ಕೊಳವೆಯಿಂದ ಮೊದಲು ಬೀಳುವ ನೀರಿನಲ್ಲಿ ರಾಡಿ, ಬ್ಯಾಕ್ಟೀರಿಯಾ ಎರಡೂ ಹೆಚ್ಚು ಎಂದು ತೋರಿಸಿತು. ಒತ್ತಡವಿಲ್ಲದ ಕೊಳವೆಗೆ ಬಿರುಕಿನ ಮೂಲಕ ಗಟಾರದ ನೀರು ಒಳಸೇರಬಹುದು, ನಳ ಬಂದಾಗ ಹೊಸ ನೀರು ಅದನ್ನು ಮುಂದೆ ತಳ್ಳಿಕೊಂಡು ಬರುತ್ತದೆ.

ಶಬ್ದಗಳು ಸಾಯುವಾಗ ಕಣ್ಣೀರು ಹಾಕುವುದು ನಮ್ಮಂಥ ಬರೆಯುವವರ ಚಟ. "ನಳಾ ಬಂತು" ಸತ್ತರೆ ನಾನಂತೂ ಅಳುವವನಲ್ಲ. ಎಲ್ಲ ವಾರ್ಡುಗಳಲ್ಲೂ ಬೇಗ ಸಾಯಲಿ, ನಿಘಂಟಿನಲ್ಲಿ ಒಂದು ಸಾಲು ಉಳಿದರೆ ಸಾಕು. ಅಲ್ಲಿಯವರೆಗೆ ಒಂದು ಮಾತು: ಸೀಟಿ ಹೊಡೆದು ಬರುವ ಆ ಮೊದಲ ಬಕೀಟನ್ನು ಹರವಿಗೆ ಹಾಕಬೇಡ್ರಿ, ಗಟಾರಕ್ಕೂ ಚೆಲ್ಲಬೇಡ್ರಿ. ಮಲ್ಲಿಗೆ ಬಳ್ಳಿಗೆ ಹಾಕ್ರಿ.