ಲಸಿಕೆ ಹಾಕುವ ಕೈಗಳು

ನಿಮ್ಮ ಮನೆಯ ಹಿರಿಯರ ತೋಳನ್ನೊಮ್ಮೆ ಗಮನಿಸಿ. ಹಲವರ ತೋಳಿನಲ್ಲಿ ಸಿಡುಬಿನ ಲಸಿಕೆಯ ಗುಂಡನೆಯ ಕಲೆ ಇರುತ್ತದೆ. 2021ರಲ್ಲಿ ಅದೇ ಹಿರಿಯರು ಕೋವಿಡ್ ಲಸಿಕೆಗೂ ತೋಳು ಕೊಟ್ಟರು. ಇಷ್ಟೊಂದು ಜನರಿಗೆ ಲಸಿಕೆ ಹಾಕಲು ಕೈಗಳು ಎಲ್ಲಿಂದ ಬಂದವು?

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳು. ಬೆಟ್ಟಗುಡ್ಡಗಳ ನಡುವೆ ಚದುರಿದ ಹಳ್ಳಿ, ಹಟ್ಟಿಗಳ ಸೀಮೆ ಇದು. ಇಂಥ ಒಂದು ತಾಲ್ಲೂಕಿನಲ್ಲಿ 2 ಲಕ್ಷ ವಯಸ್ಕರಿದ್ದಾರೆ ಎಂದು ಭಾವಿಸೋಣ. ತಲಾ 2 ಡೋಸ್ ಎಂದರೆ 4 ಲಕ್ಷ ಡೋಸ್. ಒಬ್ಬರು ದಿನಕ್ಕೆ 100 ಡೋಸ್ ಹಾಕಿದರೆ, 10 ಜನರಿಗೆ 400 ದಿನ ಬೇಕು. 40 ಜನರಿಗೆ 100 ದಿನ ಸಾಕು. ಪಿಡುಗಿನ ಕಾಲದಲ್ಲಿ ಈ 300 ದಿನಗಳ ಅಂತರ ಎಂದರೆ ಎಷ್ಟೋ ಜೀವಗಳು.

ಹಾಗೆಂದು ಸಿರಿಂಜನ್ನು ಯಾರ ಕೈಗಾದರೂ ಕೊಡಬಹುದೆ? ಇದಕ್ಕೆ ಇತಿಹಾಸದಲ್ಲಿ ಕಹಿಯಾದ ಉತ್ತರವಿದೆ. 1897ರ ಜನವರಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಅವರು ಮುಂಬಯಿಯಲ್ಲಿ ತಾವು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಪ್ಲೇಗ್ ಮೈಸೂರು ಸಂಸ್ಥಾನಕ್ಕೂ ಕಾಲಿಟ್ಟಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಈ ಲಸಿಕೆ ಹಾಕಲಾಯಿತು. ಒಂದೇ ಸೀಸೆಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಪ್ರಯೋಗಾಲಯದ ಮೇಲೆ ಆರೋಪ ಬಂದು ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆದರೆ ಸೀಸೆ ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧೀಕರಿಸಿರಲಿಲ್ಲ ಎಂಬ ಅಂಶ ಆಮೇಲೆ ಮುನ್ನೆಲೆಗೆ ಬಂತು. 1907ರಲ್ಲಿ ಅವರು ದೋಷಮುಕ್ತರಾದರು. ಲಸಿಕೆ ಎಷ್ಟೇ ಒಳ್ಳೆಯದಿರಲಿ, ಹಾಕುವ ಕೈಗೆ ತರಬೇತಿ ಬೇಕೇಬೇಕು.

ತರಬೇತಿಯನ್ನು ಸುಲಭಗೊಳಿಸಿದ್ದು ಒಂದು ಪುಟ್ಟ ಸಾಧನ. 1960ರ ದಶಕದಲ್ಲಿ ಬೆಂಜಮಿನ್ ರೂಬಿನ್ ರೂಪಿಸಿದ ಕವಲುಸೂಜಿಯ ತುದಿಯಲ್ಲಿ ಎರಡು ಮುಳ್ಳುಗಳಿದ್ದವು. ಲಸಿಕೆಯಲ್ಲಿ ಅದ್ದಿದರೆ ಮುಳ್ಳುಗಳ ನಡುವೆ ಒಬ್ಬರಿಗೆ ಬೇಕಾದಷ್ಟೇ ಹನಿ ನಿಲ್ಲುತ್ತಿತ್ತು. ಅಳತೆಯ ಕೆಲಸ ಸೂಜಿಯದೇ ಆದ್ದರಿಂದ ಹೊಸಬರೂ ಬೇಗ ಕಲಿತರು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಗಿದೆ ಎಂದು ಘೋಷಿಸಲಾಯಿತು. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೋದಲ್ಲಿ ಸೂಜಿಯೇ ಇರಲಿಲ್ಲ. ಬಾಯಿಗೆ ಎರಡು ಹನಿ ಹಾಕುವುದನ್ನು ಅಂಗನವಾಡಿ ಕಾರ್ಯಕರ್ತೆಯರು, ಸ್ವಯಂಸೇವಕರು ಕಲಿತರು. ಓದುಗರಲ್ಲಿ ಹಲವು ಶಿಕ್ಷಕರೂ ಆ ಬೂತ್‌ಗಳಲ್ಲಿ ಕುಳಿತಿರಬಹುದು.

ಕೋವಿಡ್ ಲಸಿಕೆಯನ್ನು ಮಾತ್ರ ಸ್ನಾಯುವಿಗೇ ಚುಚ್ಚಬೇಕಿತ್ತು. 2020ರ ಡಿಸೆಂಬರಿನ ಕೇಂದ್ರ ಸರ್ಕಾರದ ಮಾರ್ಗಸೂಚಿ ವೈದ್ಯರು, ದಂತವೈದ್ಯರು, ದಾದಿಯರು, ಎ.ಎನ್.ಎಂ.ಗಳು ಮತ್ತು ಫಾರ್ಮಸಿಸ್ಟರನ್ನು ಲಸಿಕೆ ಹಾಕುವವರೆಂದು ಗುರುತಿಸಿತು. ಇಂಜೆಕ್ಷನ್ ಕೊಡಲು ಕಾನೂನಿನ ಅನುಮತಿಯುಳ್ಳ ಇತರರನ್ನೂ ಪರಿಗಣಿಸಲು ಅವಕಾಶವಿತ್ತು. ಜತೆಗೆ ಕೆಲಸವನ್ನೂ ಹಂಚಲಾಯಿತು. ಐವರ ತಂಡದಲ್ಲಿ ಚುಚ್ಚುವವರು ಒಬ್ಬರೇ. ಗುರುತು ಪರಿಶೀಲನೆ, ದಾಖಲೆ, ಜನಸಂದಣಿಯ ನಿರ್ವಹಣೆ, ಲಸಿಕೆ ಪಡೆದವರ ಮೇಲೆ 30 ನಿಮಿಷ ನಿಗಾ ಇಡುವುದು ಉಳಿದವರ ಹೊಣೆ. ಒಮ್ಮೆ ಬಳಸಿದರೆ ತಾನೇ ಕೆಡುವ ಸಿರಿಂಜ್ ಮರುಬಳಕೆಯ ಅಪಾಯವನ್ನು ತಪ್ಪಿಸಿತು. ಆದರೂ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡುವುದು, ತೀವ್ರ ಅಲರ್ಜಿಯ ಲಕ್ಷಣಗಳನ್ನು ತಕ್ಷಣ ಗುರುತಿಸುವುದು ಯಾವ ಸಾಧನವೂ ಮಾಡಿಕೊಡದ ಕೆಲಸಗಳು. ಅವನ್ನು ಕಲಿತೇ ತಿಳಿಯಬೇಕು.

ಮುಂದಿನ ಪಿಡುಗು ಯಾವಾಗ ಬರುವುದೋ ತಿಳಿಯದು. ಅದು ಬಂದ ಮೇಲೆ ತರಬೇತಿ ಆರಂಭಿಸಿದರೆ ತಡವಾಗುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಲಸಿಕೆ ಹಾಕಬಲ್ಲವರು ಎಷ್ಟಿದ್ದಾರೆ? ಸಮೀಪದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಮೇಲಿನ ಲೆಕ್ಕವನ್ನು ನಿಮ್ಮ ತರಗತಿಯಲ್ಲೇ ಮಾಡಿ ನೋಡಿ.