ಥೇಮ್ಸ್ ನದಿಯ ಮೇಲಣ ಕಂಬಳಿ ಜಾತ್ರೆ

ಮಹಾನಗರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿಯ ಅರಮನೆ, ಕೋಟೆ, ದೇವಾಲಯಗಳನ್ನು ಕುರಿತು ವಿಸ್ತಾರವಾಗಿ ಹೇಳುವರು. ಲಂಡನ್ ನಗರದ ಚರಿತ್ರೆಯಲ್ಲಾದರೋ, ಅಡಿಪಾಯವೇ ಇಲ್ಲದೆ ಎದ್ದು, ಕೆಲವು ವಾರಗಳು ಮಾತ್ರ ಬಾಳಿ, ಗುರುತೂ ಉಳಿಯದಂತೆ ಅಳಿದುಹೋದ ಒಂದು ಬೀದಿಯೂ ಉಂಟು. ಅದು ಕ್ರಿ. ಶ. ೧೬೮೩-೮೪ನೆಯ ಚಳಿಗಾಲದಲ್ಲಿ, ಹೆಪ್ಪುಗಟ್ಟಿದ ಥೇಮ್ಸ್ ನದಿಯ ಮೇಲೆ, ಟೆಂಪಲ್ ಎಂಬ ಸ್ನಾನಘಟ್ಟದಂತಹ ಮೆಟ್ಟಿಲುಗಳಿಂದ ಆಚೆಯ ದಡದವರೆಗೆ ಹಬ್ಬಿದ್ದ ಅಂಗಡಿಗಳ ಸಾಲು. ಜನರು ಅದನ್ನು ಟೆಂಪಲ್ ಬೀದಿ ಎಂದು ಕರೆದರು. ಡೇರೆಗಳಿಗೆ ಕಂಬಳಿಗಳನ್ನು ಹೊದಿಸಿದ್ದುದರಿಂದ ಅಲ್ಲಿ ನೆರೆದ ಜಾತ್ರೆಗೆ ಕಂಬಳಿ ಜಾತ್ರೆ ಎಂಬ ಹೆಸರೂ ಬಂದಿತು. ಅಲ್ಲಿಗೆ ಹೋಗಿ ಒಂದು ಹಗಲನ್ನು ಕಳೆದು ಬರದವನು ಆ ವರ್ಷ ಲಂಡನ್ನಿನಲ್ಲಿ ವಿರಳನಾಗಿದ್ದನು. ಪಂಡಿತನು ಹೋದನು, ದೊರೆಯು ಹೋದನು, ಕೂಲಿಕಾರನೂ ಹೋದನು. ಆ ಜಾತ್ರೆಯ ಸೊಗಸು ಚಿತ್ರಗಳಲ್ಲಿಯೂ ಲಾವಣಿಗಳಲ್ಲಿಯೂ ಉಳಿದಿದೆ. ಆದರೆ ಅದನ್ನು ಕಟ್ಟಿದವರು ಯಾರು, ಏತಕ್ಕಾಗಿ ಕಟ್ಟಿದರು ಎಂಬುದನ್ನು ವಿಚಾರಿಸಿದರೆ ಸೊಗಸಿನ ಹಿಂದಿರುವ ಮತ್ತೊಂದು ಸಂಗತಿಯು ಹೊರಬೀಳುವುದು.

ಇದನ್ನು ತಿಳಿಯಬೇಕಾದರೆ ಅಂದಿನ ಲಂಡನ್ನಿಗೂ ಅದರ ನದಿಗೂ ಇದ್ದ ಸಂಬಂಧವನ್ನು ಮೊದಲು ತಿಳಿಯಬೇಕು. ಆ ಕಾಲದಲ್ಲಿ ಅಷ್ಟು ದೊಡ್ಡ ನಗರಕ್ಕೆ ಇದ್ದುದು ಒಂದೇ ಒಂದು ಸೇತುವೆ. ವೆಸ್ಟ್‌ಮಿನ್‌ಸ್ಟರಿನಲ್ಲಿ ಎರಡನೆಯ ಸೇತುವೆಯು ತೆರೆದುದು ೧೭೫೦ರಲ್ಲಿ. ಬೀದಿಗಳು ಇಕ್ಕಟ್ಟು, ಕೆಸರು. ಆದುದರಿಂದ ನದಿಯೇ ಆ ನಗರದ ರಾಜಬೀದಿಯಾಗಿದ್ದಿತು. ದಡದಿಂದ ದಡಕ್ಕೆ ದಾಟುವವರೂ, ನಗರದಿಂದ ವೆಸ್ಟ್‌ಮಿನ್‌ಸ್ಟರಿನ ನ್ಯಾಯಸ್ಥಾನಗಳಿಗೆ ಹೋಗುವವರೂ ದೋಣಿಯನ್ನೇ ಹಿಡಿಯುತ್ತಿದ್ದರು. ಸಾವಿರಾರು ಅಂಬಿಗರ ಸಂಸಾರಗಳು ಈ ಕಸುಬಿನಿಂದ ಜೀವಿಸುತ್ತಿದ್ದವು. ೧೫೫೫ರಷ್ಟು ಹಿಂದೆಯೇ ಇವರ ಕಸುಬನ್ನು ಕ್ರಮಪಡಿಸಲು ಪಾರ್ಲಿಮೆಂಟು ಶಾಸನವನ್ನು ಮಾಡಿದ್ದಿತು. ಬಾಡಿಗೆಯ ಕುದುರೆಗಾಡಿಗಳು ಬೀದಿಗಳಲ್ಲಿ ಹೆಚ್ಚಿದಂತೆ ಇವರ ಸಂಪಾದನೆಯು ಕುಗ್ಗುತ್ತ ಬಂದಿತು. ಸ್ವತಃ ಅಂಬಿಗನೂ ಕವಿಯೂ ಆಗಿದ್ದ ಜಾನ್ ಟೇಲರ್ ಎಂಬವನು ೧೭ನೆಯ ಶತಮಾನದ ಮೊದಲ ಭಾಗದಲ್ಲಿಯೇ ಆ ಗಾಡಿಗಳನ್ನು ಹಳಿದು ಗ್ರಂಥವನ್ನು ಬರೆದಿದ್ದನು. ನದಿಯಲ್ಲಿ ನೀರು ಹರಿಯುವವರೆಗೆ ಅಂಬಿಗನಿಗೆ ಅನ್ನವುಂಟು. ಅದು ನಿಂತರೆ ಅವನಿಗೆ ಬೇರೆ ಗತಿಯಿಲ್ಲ.

ಥೇಮ್ಸ್ ನದಿಯು ನಿಲ್ಲುವುದಕ್ಕೆ ಚಳಿಯೊಂದೇ ಕಾರಣವಾಗಿರಲಿಲ್ಲ. ೧೧೭೬ರಲ್ಲಿ ಆರಂಭವಾಗಿ ೧೨೦೯ರಲ್ಲಿ ಮುಗಿದ ಹಳೆಯ ಲಂಡನ್ ಸೇತುವೆಯು ಹತ್ತೊಂಬತ್ತು ದಪ್ಪ ಕಂಬಗಳ ಮೇಲೆ ನಿಂತಿದ್ದಿತು. ಪ್ರತಿಯೊಂದು ಕಂಬದ ಬುಡಕ್ಕೂ ರಕ್ಷಣೆಗಾಗಿ ದೋಣಿಯಾಕಾರದ ಕಟ್ಟೆಯಿದ್ದುದರಿಂದ ಕಮಾನುಗಳ ನಡುವಣ ದಾರಿಯು ಬಹಳ ಕಿರಿದಾಗಿದ್ದಿತು. ಸಾಲದುದಕ್ಕೆ, ೧೫೮೨ರಿಂದ ನಗರಕ್ಕೆ ನೀರೆತ್ತುವ ಚಕ್ರಗಳನ್ನೂ ಕೆಲವು ಕಮಾನುಗಳಲ್ಲಿ ಕೂರಿಸಿದ್ದರು. ಹೀಗಾಗಿ ಸೇತುವೆಯು ಅರ್ಧ ಅಣೆಕಟ್ಟಿನಂತೆ ಕೆಲಸಮಾಡಿ, ಮೇಲ್ಭಾಗದ ನೀರನ್ನು ತಡೆದು ನಿಧಾನಗೊಳಿಸುತ್ತಿದ್ದಿತು. ಸಮುದ್ರದ ಉಪ್ಪುನೀರು ಮೇಲೇರುವುದಕ್ಕೂ ಅದು ಅಡ್ಡಿ. ಮೇಲಿನಿಂದ ತೇಲಿಬಂದ ಮಂಜುಗಡ್ಡೆಗಳು ಕಮಾನುಗಳಲ್ಲಿ ಸಿಕ್ಕಿಕೊಂಡು, ಒಂದಕ್ಕೊಂದು ಬೆಸೆದು, ಹಿಂದಕ್ಕೆ ಹಬ್ಬುತ್ತಿದ್ದವು. ೧೫೬೪-೬೫ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ ಹೀಗೆ ಆಯಿತು. ೧೬೦೭-೦೮ರಲ್ಲಿ ಮತ್ತೆ ಆಯಿತು. ಆದರೆ ೧೬೮೩-೮೪ರ ಚಳಿಯು ಎಲ್ಲವನ್ನೂ ಮೀರಿಸಿತು. ಮಧ್ಯ ಇಂಗ್ಲೆಂಡಿನ ಶೀತೋಷ್ಣಗಳ ಲೆಕ್ಕವು ೧೬೫೯ರಿಂದ ದೊರೆಯುವುದು. ಆ ದೀರ್ಘಾವಧಿಯಲ್ಲಿ ಇಷ್ಟು ಕಠಿಣವಾದ ಚಳಿಗಾಲವು ಮತ್ತೊಂದಿಲ್ಲ. ಲಂಡನ್ನಿನಲ್ಲಿ ಮಂಜುಗಡ್ಡೆಯ ದಪ್ಪವು ೧೧ ಅಂಗುಲವಿದ್ದಿತೆಂದು ಹೇಳುವರು.

ಆ ದಿನಗಳ ವೃತ್ತಾಂತವನ್ನು ತಿಳಿಯಲು ಜಾನ್ ಈವ್ಲಿನ್ ಎಂಬ ವಿದ್ವಾಂಸನ ದಿನಚರಿಯು ಬಹಳ ಉಪಯುಕ್ತವಾಗಿದೆ. ಈತನು ರಾಯಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬನು. ವೃಕ್ಷಗಳನ್ನು ಕುರಿತು ಪ್ರಸಿದ್ಧವಾದ ಗ್ರಂಥವನ್ನು ಬರೆದವನು. ಆಗ ಅವನಿಗೆ ಅರುವತ್ತಮೂರು ವರ್ಷ. ೧೬೮೪ನೆಯ ಜನವರಿ ೧ರ ವೇಳೆಗೆ ನದಿಯ ಮೇಲೆ ಡೇರೆಗಳ ಸಾಲುಗಳು ಎದ್ದುವೆಂದು ಅವನು ಬರೆದಿರುವನು. ಜನವರಿ ೯ರಂದು ಅವನೇ ವೆಸ್ಟ್‌ಮಿನ್‌ಸ್ಟರಿನ ಮೆಟ್ಟಿಲುಗಳಿಂದ ಇಳಿದು, ಮಂಜುಗಡ್ಡೆಯ ಮೇಲೆ ನಡೆದು, ಆಚೆಯ ದಡದ ಲ್ಯಾಂಬೆತ್ ಅರಮನೆಯಲ್ಲಿ ಆರ್ಚ್‌ಬಿಷಪ್ಪನೊಡನೆ ಊಟಮಾಡಿದನು. ದಾರಿಯಲ್ಲಿ ಮಾಂಸವನ್ನು ಸುಡುವ ಒಲೆಗಳನ್ನೂ, ಪಟ್ಟಣದಲ್ಲಿರುವಂತೆಯೇ ಬಗೆಬಗೆಯ ಸರಕಿನ ಅಂಗಡಿಗಳನ್ನೂ, ಅವುಗಳ ನಡುವೆ ಓಡಾಡುವ ಕುದುರೆಗಾಡಿಗಳನ್ನೂ ಕಂಡನು. ನೀರಿನ ಮೇಲೆ ಬೆಂಕಿಯು ಉರಿಯುತ್ತಿದ್ದಿತು. ದೋಣಿಗಳ ದಾರಿಯಲ್ಲಿ ಗಾಡಿಗಳು ಹೋಗುತ್ತಿದ್ದವು.

ಹದಿನೈದು ದಿನಗಳು ಕಳೆಯುವಷ್ಟರಲ್ಲಿ ಜಾತ್ರೆಯು ಪೂರ್ಣವಾಗಿ ಬೆಳೆಯಿತು. ಕಾಲಿಗೆ ಲೋಹದ ಅಲಗುಗಳನ್ನು ಕಟ್ಟಿಕೊಂಡು ಜಾರುವವರು, ಚಕ್ರವಿಲ್ಲದ ಜಾರುಬಂಡಿಗಳನ್ನು ಎಳೆಯುವವರು, ಕುದುರೆಗಳ ಪಂದ್ಯ, ಗಾಡಿಗಳ ಪಂದ್ಯ, ಬೊಂಬೆಯಾಟ, ಗೂಳಿಯ ಮೇಲೆ ನಾಯಿಗಳನ್ನು ಬಿಡುವ ಕ್ರೂರವಾದ ಆಟ, ಅಡಿಗೆಯ ಅಂಗಡಿಗಳು, ಪಾನಗೃಹಗಳು—ಯಾವುದಕ್ಕೂ ಕೊರತೆಯಿರಲಿಲ್ಲ. ವೆಸ್ಟ್‌ಮಿನ್‌ಸ್ಟರಿನಿಂದ ಟೆಂಪಲಿಗೆ ಬಾಡಿಗೆಯ ಗಾಡಿಗಳು ನದಿಯ ಮೇಲೆಯೇ ಓಡುತ್ತಿದ್ದವು. ಎಲ್ಲಕ್ಕಿಂತಲೂ ಜನರನ್ನು ಆಕರ್ಷಿಸಿದುದು ಮುದ್ರಣಯಂತ್ರ. ಥೇಮ್ಸ್ ನದಿಯ ಮೇಲೆ ಇಂತಹ ದಿನ ಮುದ್ರಿತವಾಯಿತೆಂಬ ಒಕ್ಕಣೆಯೊಡನೆ ತಮ್ಮ ಹೆಸರನ್ನು ಅಚ್ಚುಮಾಡಿಸಿಕೊಳ್ಳಲು ಗಂಡಸರೂ ಹೆಂಗಸರೂ ಮುತ್ತುತ್ತಿದ್ದರು. ಹೆಸರೊಂದಕ್ಕೆ ಆರು ಪೆನ್ಸ್. ಮುದ್ರಕನಿಗೆ ಇದರಿಂದ ದಿನಕ್ಕೆ ೫ ಪೌಂಡು ಬರುತ್ತಿದ್ದಿತೆಂದು ಈವ್ಲಿನ್ನನು ಅಂದಾಜುಮಾಡಿರುವನು. ಹಾಗಾದರೆ ದಿನವೊಂದಕ್ಕೆ ಇನ್ನೂರು ಹೆಸರುಗಳು.

ಜನವರಿ ೩೧ರಂದು, ಈಗಿನ ಪಂಚಾಂಗದಂತೆ ಫೆಬ್ರವರಿ ೧೦ರಂದು, ಎರಡನೆಯ ಚಾರ್ಲ್ಸ್ ದೊರೆಯು ಪರಿವಾರಸಮೇತನಾಗಿ ಬಂದು ಇಂತಹ ಒಂದು ಚೀಟಿಯನ್ನು ಅಚ್ಚುಮಾಡಿಸಿದನು. ಅದರಲ್ಲಿ ದೊರೆಯ ಹೆಸರು, ತಮ್ಮನಾದ ಡ್ಯೂಕ್ ಜೇಮ್ಸನ ಹೆಸರು, ರಾಣಿ ಕ್ಯಾಥರೀನ್, ಜೇಮ್ಸನ ಪತ್ನಿ ಮೇರಿ, ಜೇಮ್ಸನ ಮಗಳು ಆನ್, ಅವಳ ಗಂಡ ಜಾರ್ಜ್, ಇವರ ಹೆಸರುಗಳಿವೆ. ಕೊನೆಯಲ್ಲಿ 'ನೆಲಮಾಳಿಗೆಯ ಹ್ಯಾನ್ಸ್' ಎಂಬ ಅರ್ಥದ ಒಂದು ವಿನೋದದ ಹೆಸರು ಇದೆ. ಗರ್ಭದಲ್ಲಿರುವ ಶಿಶುವನ್ನು ಡಚ್ಚರು ಹಾಸ್ಯದಿಂದ ಹೀಗೆ ಕರೆಯುತ್ತಿದ್ದರು. ಆಗ ಆನಳು ಗರ್ಭಿಣಿಯಾಗಿದ್ದಳು. ಆ ಶಿಶುವು ಮೇ ತಿಂಗಳಲ್ಲಿ ಉಸಿರಿಲ್ಲದೆಯೇ ಹುಟ್ಟಿತು. ಮುಂದಿನ ವರ್ಷ ಫೆಬ್ರವರಿ ೬ರಂದು ದೊರೆಯೂ ತೀರಿಕೊಂಡನು. ಜೇಮ್ಸನು ಸಿಂಹಾಸನವನ್ನೇರಿ, ೧೬೮೮ರ ಡಿಸೆಂಬರಿನಲ್ಲಿ ಅದನ್ನು ಬಿಟ್ಟು ಓಡಿಹೋಗಬೇಕಾಯಿತು. ಆರು ಪೆನ್ಸಿನ ಆ ಚೀಟಿಯು ಮಾತ್ರ ಉಳಿಯಿತು.

ಈ ಉತ್ಸವವು ನಡೆಯುತ್ತಿದ್ದಾಗಲೇ ದಡದ ಮೇಲೆ ಏನಾಗುತ್ತಿದ್ದಿತು? ಈವ್ಲಿನ್ನನು ಸಂಭ್ರಮವನ್ನು ವರ್ಣಿಸಿ ಅಲ್ಲಿಗೇ ನಿಲ್ಲಿಸಲಿಲ್ಲ. ನೆಲದ ಮೇಲೆ ಬಿದ್ದ ವಿಪತ್ತನ್ನೂ ಅದರ ಪಕ್ಕದಲ್ಲಿಯೇ ಬರೆದನು. ಮರಗಳು ಸಿಡಿಲು ಬಡಿದಂತೆ ಸೀಳಿದವು. ವನಗಳಲ್ಲಿ ಜಿಂಕೆಗಳೂ ಹಕ್ಕಿಗಳೂ ಸತ್ತವು. ಕೊಳವಿಗಳಲ್ಲಿ ನೀರು ಬರಲಿಲ್ಲ. ಲಂಡನ್ನಿನ ಒಲೆಗಳು ಉರಿಯುತ್ತಿದ್ದುದು ಉತ್ತರದ ನ್ಯೂಕಾಸಲಿನಿಂದ ಹಡಗುಗಳಲ್ಲಿ ಬರುವ ಕಲ್ಲಿದ್ದಲಿನಿಂದ. ಸಮುದ್ರದ ಅಂಚೂ ಮಂಜುಗಟ್ಟಿದುದರಿಂದ ಹಡಗುಗಳು ಬರುವಂತೆಯೂ ಇರಲಿಲ್ಲ, ಹೋಗುವಂತೆಯೂ ಇರಲಿಲ್ಲ. ಸೌದೆ ಇದ್ದಲುಗಳ ಬೆಲೆಯು ಏರಿತು. ಬಡವರ ಪ್ರಾಣವನ್ನು ಉಳಿಸಲು ಚಂದಾ ಎತ್ತಬೇಕಾಯಿತು. ಉರಿದ ಅಲ್ಪ ಇದ್ದಲಿನ ಹೊಗೆಯೂ ಚಳಿಯಲ್ಲಿ ಮೇಲೇರಲಾರದೆ ಬೀದಿಗಳಲ್ಲಿಯೇ ಕವಿದು, ಎದುರು ಮನೆಯು ಕಾಣದಂತಾಗಿ, ಜನರು ಉಸಿರಿಗಾಗಿ ಕಷ್ಟಪಟ್ಟರು.

ಇವರೆಲ್ಲರಿಗಿಂತಲೂ ಮೊದಲು ಪೆಟ್ಟುಬಿದ್ದುದು ಅಂಬಿಗರಿಗೆ. ಅವರ ದೋಣಿಗಳು ಮಂಜುಗಡ್ಡೆಯಲ್ಲಿ ಹೂತುನಿಂತವು. ಎಷ್ಟೋ ಕಾಲದಿಂದ ಅವರ ಅನ್ನವನ್ನು ಕಸಿಯುತ್ತಿದ್ದ ಗಾಡಿಗಳೇ ಈಗ ಅವರ ನದಿಯ ಮೇಲೂ ಓಡತೊಡಗಿದವು. ಆದರೆ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಅನೇಕರು ನದಿಯ ಮೇಲೆ ಡೇರೆಗಳನ್ನೆತ್ತಿ ವ್ಯಾಪಾರಕ್ಕೆ ನಿಂತರು. ದೋಣಿಗಳಿಗೆ ಚಕ್ರಗಳನ್ನು ಜೋಡಿಸಿ ಜನರನ್ನು ಕೂರಿಸಿಕೊಂಡು ಎಳೆದುದನ್ನು ಆ ಕಾಲದ ಚಿತ್ರಗಳು ತೋರಿಸುತ್ತವೆ. ಕೊನೆಯ ಜಾತ್ರೆಯು ೧೮೧೪ರ ಫೆಬ್ರವರಿಯಲ್ಲಿ ನಡೆದಾಗಲೂ ದಡದಂಚಿನ ಮಂಜುಗಡ್ಡೆಯನ್ನು ಅಂಬಿಗರೇ ಒಡೆದು, ಅಲ್ಲಿ ಹಲಗೆಗಳನ್ನು ಹಾಸಿ, ದಾಟಿಹೋಗುವವರಿಂದ ಎರಡು ಮೂರು ಪೆನ್ಸುಗಳ ಸುಂಕವನ್ನೆತ್ತಿದರು. ಇದನ್ನು ಕಪಟವೆಂದು ಹಳಿಯುವುದು ಸುಲಭ. ಆದರೆ ದಡದಿಂದ ದಡಕ್ಕೆ ಜನರನ್ನು ದಾಟಿಸಿ ಹಣಪಡೆಯುವುದು ತಲೆತಲಾಂತರದಿಂದ ಅವರ ಕಸುಬಾಗಿದ್ದಿತು. ಕೆಳಗೆ ಹರಿಯುವ ನೀರು ಕಲ್ಲಾದರೂ ಮನೆಯಲ್ಲಿ ಹಸಿದ ಮಕ್ಕಳಿಗೆ ರೊಟ್ಟಿ ಬೇಕಾಗಿಯೇ ಇದ್ದಿತು. ನೋಡುವವರಿಗೆ ಜಾತ್ರೆಯಾಗಿದ್ದುದು ಕಟ್ಟಿದವರಿಗೆ ಜೀವನೋಪಾಯವಾಗಿದ್ದಿತು.

ಫೆಬ್ರವರಿಯ ಮೊದಲ ವಾರದಲ್ಲಿ ಗಾಳಿಯು ಬದಲಾಯಿಸಿತು. ೪ನೆಯ ತಾರೀಖಿನಂದು ಈವ್ಲಿನ್ನನು ತನ್ನ ತೋಟವನ್ನು ನೋಡಹೋಗಿ, ಅಪರೂಪದ ಗಿಡಗಳೆಷ್ಟೋ ಸತ್ತುಹೋದುದನ್ನು ಕಂಡು ಬಂದನು. ೫ರಂದು ಮಂಜು ಕರಗತೊಡಗಿ ಮತ್ತೆ ಗಟ್ಟಿಯಾಯಿತು. ಅಷ್ಟರಲ್ಲಿ ಡೇರೆಗಳನ್ನು ಬಹುಮಟ್ಟಿಗೆ ಕಿತ್ತಿದ್ದರು. ಟೆಂಪಲ್ ಬೀದಿಯು ಇದ್ದಲ್ಲಿ ಮತ್ತೆ ದೋಣಿಗಳು ತೇಲಿದವು.

ಈಗ ಅಂತಹ ಜಾತ್ರೆಯನ್ನು ಲಂಡನ್ನಿನಲ್ಲಿ ಕಾಣುವಂತಿಲ್ಲ. ೧೮೩೧ರಲ್ಲಿ ರೆನ್ನಿಯ ಯೋಜನೆಯಂತೆ ಐದೇ ಕಮಾನುಗಳ ಹೊಸ ಸೇತುವೆಯು ತೆರೆದು, ಹಳೆಯದನ್ನು ಕೆಡವಿದ ಮೇಲೆ ನೀರಿನ ಓಟವು ಬಿರುಸಾಯಿತು. ೧೮೭೦ರಲ್ಲಿ ಮುಗಿದ ವಿಕ್ಟೋರಿಯಾ ದಡಗಟ್ಟೆಯು ನದಿಯ ಪಾತ್ರವನ್ನು ಇನ್ನಷ್ಟು ಕಿರಿದುಮಾಡಿತು. ೧೯೬೨-೬೩ರ ಚಳಿಗಾಲವು ೧೮೧೩-೧೪ಕ್ಕಿಂತಲೂ ಕಠಿಣವಾಗಿದ್ದಿತು. ಥೇಮ್ಸ್ ನದಿಯು ಮೇಲಣ ಊರುಗಳಲ್ಲಿ ಹೆಪ್ಪುಗಟ್ಟಿತಾದರೂ ಲಂಡನ್ನಿನ ಮಧ್ಯದಲ್ಲಿ ಹರಿಯುತ್ತಲೇ ಇದ್ದಿತು. ಇದರಿಂದ ಆ ಜಾತ್ರೆಗೆ ಚಳಿಯೆಷ್ಟು ಕಾರಣವೋ ಹಳೆಯ ಸೇತುವೆಯೂ ಅಷ್ಟೇ ಕಾರಣವೆಂಬುದು ಸ್ಪಷ್ಟವಾಗುವುದು. ಹೊಸ ಸೇತುವೆಗಳು ಹೆಚ್ಚಿದಂತೆ ಹೆಪ್ಪುಗಟ್ಟುವ ನದಿಯೂ ಹೋಯಿತು, ಅದನ್ನು ದಾಟಿಸುತ್ತಿದ್ದ ಅಂಬಿಗರ ದೊಡ್ಡ ಸಮುದಾಯವೂ ಕರಗಿತು. ದೊರೆಯ ಚೀಟಿಯಲ್ಲಿ ಆರು ಮಂದಿಯ ಹೆಸರುಗಳೂ ಹುಟ್ಟದ ಮಗುವಿನ ಹೆಸರೂ ಅಚ್ಚಾಗಿವೆ; ಅವರು ನಿಂತ ಬೀದಿಯನ್ನು ಕಟ್ಟಿದವರ ಹೆಸರುಗಳನ್ನು ಆ ಚೀಟಿಯು ಹೇಳುವುದಿಲ್ಲ. ಅವರು ಹುಟ್ಟುಹಾಕಿ ಬದುಕಿದವರು. ಹುಟ್ಟು ನಿಂತ ದಿನ ಮಂಜುಗಡ್ಡೆಯ ಮೇಲೆ ಬೀದಿಯನ್ನೆಬ್ಬಿಸಿ, ಆ ಚಳಿಗಾಲವನ್ನು ದಾಟಿದವರು.