ನಳಿಗೆಯ ಕಂದು ಬಣ್ಣ: ಚಿಕ್ಕೋಡಿ ಸೀಮೆಯ ಹಳೆಯ ಬಂದೂಕುಗಳ ತುಕ್ಕು ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ವಾಡೆಗಳಲ್ಲಿ ಉಳಿದಿರಬಹುದಾದ ಬಂದೂಕುಗಳನ್ನು ಒಂದೇ ಗುಂಪೆಂದು ಎಣಿಸುವಂತಿಲ್ಲ. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಚಿಕ್ಕೋಡಿ, ಅಥಣಿ ತಾಲ್ಲೂಕುಗಳು ಮುಂಬಯಿ ಪ್ರಾಂತದಲ್ಲಿದ್ದು 1878ರ ಶಸ್ತ್ರ ಕಾಯ್ದೆಗೆ ಒಳಪಟ್ಟಿದ್ದವು. ಆದ್ದರಿಂದ ನಳಿಗೆಯ ಮೇಲಿನ ಸಂಖ್ಯೆ, ಮುದ್ರೆಗಳಲ್ಲಿ ವ್ಯತ್ಯಾಸ ಕಾಣುವ ಸಾಧ್ಯತೆಯಿದೆ. ತುಕ್ಕಿನಡಿ ಮುಚ್ಚಿಹೋದ ಈ ಗುರುತುಗಳನ್ನು ದಾಖಲೆಯೆಂದೇ ಪರಿಗಣಿಸಬೇಕು. ಬಂದೂಕಿನ ಗುರುತು ಅಳಿಸುವುದನ್ನು 1959ರ ಶಸ್ತ್ರ ಕಾಯ್ದೆಯ 8ನೇ ಕಲಮು ನಿಷೇಧಿಸುತ್ತದೆ. ಮರಳು ಕಾಗದ ಹಿಡಿಯುವ ಮುನ್ನ ಇದು ನೆನಪಿರಲಿ.

2. ತುಕ್ಕು ಮತ್ತು ಬಣ್ಣ

ಹತ್ತೊಂಬತ್ತನೆಯ ಶತಮಾನದ ಅನೇಕ ನಳಿಗೆಗಳ ಕಂದು ಬಣ್ಣ ಬೇಕೆಂದೇ ಬರಿಸಿದ ತುಕ್ಕು. ನೀಲಿಗಪ್ಪು ಬಣ್ಣವೂ ಬಹುಮಟ್ಟಿಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡೇ. ಹೀಗಿರುವಾಗ ಹುಣಸೆಹುಳಿ, ಲಿಂಬೆರಸ, ವಿನೆಗರ್, ಫಾಸ್ಫಾರಿಕ್ ಆಮ್ಲ ಇವು ಕೆಡುಕಿನ ತುಕ್ಕನ್ನಷ್ಟೇ ಆರಿಸಿ ಕರಗಿಸಲಾರವು, ಬಣ್ಣವನ್ನೂ ಒಯ್ಯುತ್ತವೆ. ವಿದ್ಯುದ್ವಿಶ್ಲೇಷಣೆಯೂ ಬಣ್ಣಕ್ಕೆ ಸುರಕ್ಷಿತವಲ್ಲ. ಖಂಡೇನವಮಿಗೆ ಹಿತ್ತಾಳೆಯ ಜೊತೆಗೆ ನಳಿಗೆಯನ್ನೂ ಹುಣಸೆ ಹಚ್ಚಿ ತಿಕ್ಕಿದ್ದರೆ ಬಿಳಿ ಹೊಳಪು ಮೂಲದ್ದೆಂದು ತಿಳಿಯುವ ಅಪಾಯವಿದೆ. ಹೋಲಿಕೆಗೆ ನಂಬಬಹುದಾದ ಜಾಗ ನಳಿಗೆಯನ್ನು ಮರಕ್ಕೆ ಬಿಗಿದ ಪಟ್ಟಿಯ ಅಡಿಭಾಗ; ಕೈ ತಾಗದ ಅಲ್ಲಿ ಮೊದಲಿನ ಬಣ್ಣ ಉಳಿದಿರುವುದುಂಟು.

3. ಎಣ್ಣೆಯ ಪೊರೆ

ಕೆಡುಕಿನ ತುಕ್ಕು, ಬೇಕೆಂದೇ ಬರಿಸಿದ ತುಕ್ಕು ಇವೆರಡಲ್ಲದೆ ಮೂರನೆಯದೊಂದು ಕಂದು ಬಣ್ಣವೂ ಇದೆ. ಕುಸುಬೆ, ಅಗಸೆ ಎಣ್ಣೆಗಳು ಗಾಳಿಗೆ ಒಣಗಿ ಪೊರೆಗಟ್ಟುವಂಥವು. ವರ್ಷವರ್ಷ ಸವರಿದರೆ ಹಳದಿಯಿಂದ ಕಂದಿಗೆ ತಿರುಗಿ ದೂಳು ಹಿಡಿಯುತ್ತವೆ. ದೂರದಿಂದ ತುಕ್ಕಿನಂತೆಯೇ ತೋರುತ್ತವೆ. ಹತ್ತಿಯ ತುದಿಗೆ ಅಸಿಟೋನ್ ಹಾಕಿ ಕಾಳಿನಷ್ಟು ಜಾಗದಲ್ಲಿ ಒರೆಸಿದಾಗ ಹತ್ತಿ ಹಳದಿಯಾದರೆ ಅದು ಎಣ್ಣೆಯಿರಬಹುದು. ಆಕ್ಸೈಡ್ ಅಸಿಟೋನಿಗೆ ಕರಗದು. ತೀರ ಹಳೆಯ ಪೊರೆ ಪೂರ್ತಿ ಬಿಡದಿರಬಹುದು. ಆದ್ದರಿಂದ ಹತ್ತಿ ಬಿಳಿಯಾಗಿಯೇ ಉಳಿದರೂ ಎಣ್ಣೆ ಇಲ್ಲವೆಂದು ನಿರ್ಣಯಿಸಲಾಗದು. ಮರಕ್ಕೆ, ಅರಗಿಗೆ ಅಸಿಟೋನ್ ತಾಗಕೂಡದು.

4. ಕ್ರಮ

ಮೊದಲು ಮದ್ದು ತುಂಬಿದೆಯೇ ನೋಡಬೇಕು: ಬಾಯಿಯಿಂದ ಮರದ ಕೋಲು ಇಳಿಬಿಟ್ಟು, ಒಳಗೆ ಹೋದ ಉದ್ದವನ್ನು ಹೊರಗಡೆ ಕಿವಿಯ (ಮದ್ದಿಗೆ ಕಿಡಿ ಮುಟ್ಟಿಸುವ) ರಂಧ್ರದವರೆಗಿನ ಉದ್ದಕ್ಕೆ ಹೋಲಿಸುವುದು. ಒಳ ಅಳತೆ ಕಡಿಮೆ ಬಂದರೆ ಕೆಲಸ ನಿಲ್ಲಿಸಿ ಬಲ್ಲವರಿಗೆ ಒಪ್ಪಿಸಬೇಕು.

ಆಮೇಲೆ ತೆಳು ಖನಿಜ ಎಣ್ಣೆ ಸವರಿ ಒಂದೆರಡು ದಿನ ಬಿಡುವುದು. ಎದ್ದ ಕಿತ್ತಳೆ ಪುಡಿಯನ್ನು ಹಿತ್ತಾಳೆಯ ಅಂಚಿನಿಂದ, ಉಳಿದುದನ್ನು ಎಣ್ಣೆಯಲ್ಲಿ ನೆನೆಸಿದ ನಾಲ್ಕು ಸೊನ್ನೆಯ ಸ್ಟೀಲ್ ವೂಲ್‌ನಿಂದ, ಭಾರ ಹಾಕದೆ ಎಬ್ಬಿಸುವುದು. ಗಟ್ಟಿ ಕಪ್ಪು ಕಂದನ್ನು ಬಿಟ್ಟುಬಿಡುವುದು ಲೇಸು. ಕೊನೆಗೆ ಎಣ್ಣೆ ಒರೆಸಿ ಮೈಕ್ರೋಕ್ರಿಸ್ಟಲೈನ್ ಮೇಣ.

ಬಂಗಾರದ ಕುಫ್ತಗಾರಿ ಇದ್ದಲ್ಲಿ ಈ ಕ್ರಮ ಸಲ್ಲದು. ಗೀಚಿದ ಕಬ್ಬಿಣಕ್ಕೆ ಬಡಿದು ಕೂರಿಸಿದ ಆ ತೆಳು ತಗಡಿನಡಿ ತುಕ್ಕು ಬೆಳೆದಿದ್ದರೆ ತಿಕ್ಕಿದಾಗ ಬಂಗಾರವೇ ಮೊದಲು ಏಳುತ್ತದೆ. ಅಲ್ಲಿ ಭೂತಗನ್ನಡಿ ಮತ್ತು ಬಿದಿರಿನ ಕಡ್ಡಿ ಮಾತ್ರ.

5. ಭಿನ್ನಾಭಿಪ್ರಾಯ

ಭಟ್ಟಿ ಇಳಿಸಿದ ನೀರಿನಲ್ಲಿ ನಳಿಗೆ ಕುದಿಸಿ ಕೆಂಪು ತುಕ್ಕನ್ನು ಕಪ್ಪಾಗಿಸುವುದು ಬಂದೂಕು ಕೆಲಸಗಾರರ ಪದ್ಧತಿ. ಫಲ ಕಾಣುವುದು ನಿಜ. ಆದರೆ ಹೊಸ ಕಪ್ಪು ಹಳೆಯ ಕಂದಿನೊಡನೆ ಬೆರೆತು ಬಣ್ಣದ ಕಾಲನಿರ್ಣಯ ಕಷ್ಟವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ನೆರೆ ಹೊಕ್ಕ ಊರುಗಳ ವಸ್ತುಗಳಿಗೆ, ಕೆಸರಿನ ಲವಣ ಒಳಗಿಳಿದಿರುವ ಶಂಕೆಯಿದ್ದರೆ, ಕುದಿಸುವುದು ಸಮರ್ಥನೀಯ ಎನಿಸುತ್ತದೆ. ಕುದಿಯುವ ನೀರು ಕ್ಲೋರೈಡನ್ನು ಸ್ವಲ್ಪಮಟ್ಟಿಗೆ ಹೊರತೆಗೆಯುತ್ತದೆ. ಒಣ ಪೆಟ್ಟಿಗೆಯಲ್ಲಿದ್ದ ಬಂದೂಕಿಗೆ ಅದರ ಅಗತ್ಯ ಕಾಣದು.